ನೂರೈವತ್ತನೆಯ ಗೋಲು

14, ಮಿಲ್ ಟೆರೇಸ್, ಕಾಲ್ಡರ್‌ವಿಕ್
ಫೆಬ್ರವರಿ 4, 1996

ಕ್ಲಿಫ್,

ಅಕ್ಷರದ ಗುರುತು ಹತ್ತದಿದ್ದರೆ ಕೊನೆಯ ಸಹಿ ನೋಡು. ನೋಡಿದ ಮೇಲೆ ಬೈಯುವುದಿದ್ದರೆ ಬೈದು ಮುಗಿಸಿ, ಒಂದು ಕಪ್ ಟೀ ಕುಡಿದು, ಮತ್ತೆ ಇಲ್ಲಿಂದ ಓದು. ಹರಿದು ಹಾಕಿದರೆ ಇನ್ನೊಂದು ಬರೆಯುತ್ತೇನೆ. ನಾನು ಎಂಥವನು ಎಂಬುದು ನಿನಗೆ ಗೊತ್ತಿದೆ.

ವಾಟರ್ ಲೇನ್ ಮೈದಾನವನ್ನು ಈ ಬೇಸಿಗೆಯಲ್ಲಿ ಕೆಡವುತ್ತಾರೆ. ಆಗಸ್ಟಿನಿಂದ ನಮ್ಮ ಕ್ಲಬ್ಬಿನ ಆಟವೆಲ್ಲ ಬೈಪಾಸ್ ಪಕ್ಕದ ಹೊಸ ಮೈದಾನದಲ್ಲಿ. ಅಲ್ಲಿ ನಿಂತು ನೋಡುವ ಜಾಗವೇ ಇಲ್ಲವಂತೆ, ಎಲ್ಲರಿಗೂ ಪ್ಲಾಸ್ಟಿಕ್ ಕುರ್ಚಿ. ಹಳೆಯದರಿಂದ ಅಲ್ಲಿಗೆ ಹೋಗುವ ವಸ್ತು ಒಂದೇ, ಮೆಟ್ಟಿಲ ಬಳಿಯ ಓಕ್ ಮರದ ಗೌರವ ಫಲಕ. ಸಾಗಿಸುವ ಮೊದಲು ಚಿನ್ನದ ಬಣ್ಣದಲ್ಲಿ ಹೊಸದಾಗಿ ಬರೆಸುತ್ತಾರೆ. ಕ್ಲಬ್ಬಿನ ಕಾರ್ಯದರ್ಶಿ ಬೆರಿಲ್ ಹಿಂಡಲ್ ಹಳೆಯ ಆಟಗಾರರನ್ನೆಲ್ಲ ಕರೆದು, ತಪ್ಪಿದ್ದರೆ ಈಗಲೇ ಹೇಳಿ ಎಂದಳು. ನಾನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆ.

ಮೇಲೆ ಗೌರವಗಳು. ಮೂರನೇ ವಿಭಾಗದ ಚಾಂಪಿಯನ್, ಒಂದು ಸಲ. ಆ ಒಂದು ಸಲ ನೀನೂ ಇದ್ದೆ, ನಾನೂ ಇದ್ದೆ. ಕೆಳಗೆ ದಾಖಲೆಗಳು. ಅತಿ ದೊಡ್ಡ ಗೆಲುವು ಇದೆ. ಅತಿ ದೊಡ್ಡ ಸೋಲನ್ನು ಬರೆಸಲು ಯಾರಿಗೂ ನೆನಪಾಗಿಲ್ಲ. ಅತಿ ಹೆಚ್ಚು ಆಟ ಆಡಿದವನು, ಅತಿ ಹೆಚ್ಚು ಬೆಲೆಗೆ ಮಾರಾಟವಾದವನು (ಅವನು ಇಲ್ಲಿದ್ದದ್ದೇ ಒಂದು ವರ್ಷ), ಆಮೇಲೆ ನೀನು: ಅತಿ ಹೆಚ್ಚು ಗೋಲು, ಕ್ಲಿಫರ್ಡ್ ಟ್ಯಾಟರ್ಸಾಲ್, ನೂರೈವತ್ತು. ನನ್ನ ಹೆಸರು ಎಲ್ಲೂ ಇಲ್ಲ. ಹನ್ನೊಂದು ವರ್ಷ ಎಡಗಡೆಯ ಅಂಚಿನಲ್ಲಿ ಓಡಿದವನ ಹೆಸರು ಒಂದು ಮೂಲೆಯಲ್ಲೂ ಇಲ್ಲ. ಅಲ್ಲಿ ನಿಂತಿದ್ದಾಗ ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯೇನೂ ಇಲ್ಲ.

ಆ ನೂರೈವತ್ತನೆಯ ಗೋಲು ನನ್ನದು, ಕ್ಲಿಫ್. ಸ್ಟೇನ್‌ಬರೊ ವಿರುದ್ಧ ಆ ಸೀಸನ್ನಿನ ಕೊನೆಯ ಆಟ. ಗೆದ್ದರೆ ನಾವು ಚಾಂಪಿಯನ್, ಸಮವಾದರೆ ಅವರು. ಮೈದಾನದ ಮೂಲೆಯಿಂದ ನಾನು ಹೊಡೆದ ಕಾರ್ನರ್ ಗಾಳಿಗೆ ಬಾಗಿ, ಯಾರನ್ನೂ ಮುಟ್ಟದೆ ನೇರವಾಗಿ ಬಲೆಯೊಳಗೆ ಬಿತ್ತು. ನೀನು ಎಗರಿದ್ದು ನಿಜ. ಆದರೆ ಚೆಂಡಿಗೂ ನಿನಗೂ ನಡುವೆ ಒಂದು ಬಸ್ಸು ಹೋಗುವಷ್ಟು ಜಾಗವಿತ್ತು. ಆಮೇಲೆ ಹನ್ನೊಂದು ಜನ ಒಂದೇ ತೊಟ್ಟಿಯ ಬಿಸಿನೀರಲ್ಲಿ ಕೂತಿದ್ದಾಗ ನೀನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನನ್ನ ಕೂದಲಿಗೆ ತಾಗ್ತು ಕಣೋ ಅದು."

"ಯಾವ ಕೂದಲಿಗೆ?" ಅಂದೆ ನಾನು.

ತೊಟ್ಟಿಯಲ್ಲಿದ್ದವರೆಲ್ಲ ನಕ್ಕರು, ನಮ್ಮಿಬ್ಬರನ್ನು ಬಿಟ್ಟು. ಬಾಗಿಲಲ್ಲಿ ನಿಂತಿದ್ದ ಪತ್ರಿಕೆಯವನು ನಿನ್ನ ಮಾತನ್ನೇ ಫೋನಿನಲ್ಲಿ ಹೇಳಿದ, ಸಂಜೆಯ ಪತ್ರಿಕೆ ಅದನ್ನೇ ಹಾಕಿತು, ಫಲಕದವನು ಪತ್ರಿಕೆ ನೋಡಿ ಬರೆದ. ಆ ಒಂದು ಗೋಲಿನಿಂದ ನೀನು ಯುದ್ಧಕ್ಕೆ ಮುಂಚಿನ ಈನಕ್ ಸಗ್ಡನ್‌ನ ದಾಖಲೆ ದಾಟಿ, ಮಂಡಿ ನೋವೆಂದು ಬೂಟು ಕಳಚಿಟ್ಟು, ಮೊರ್ಕಮ್‌ಗೆ ಹೋಗಿ ಬೋರ್ಡಿಂಗ್ ಹೌಸ್ ತೆರೆದೆ. ನಿನ್ನ ಮದುವೆಯಲ್ಲಿ ಉಂಗುರ ಹಿಡಿದು ಪಕ್ಕದಲ್ಲಿ ನಿಂತವನಿಗೆ ಈ ಸುಮಾರು ನಲವತ್ತು ವರ್ಷದಲ್ಲಿ ಒಂದು ಕ್ರಿಸ್‌ಮಸ್ ಕಾರ್ಡನ್ನೂ ಹಾಕಲಿಲ್ಲ. ನಾನೂ ಹಾಕಲಿಲ್ಲ, ಅದು ಬೇರೆ ಮಾತು.

ಒಂದು ಸಾಲು ಸಾಕು. "ತಾಗಲಿಲ್ಲ" ಎಂದು ಬರೆದು ಸಹಿ ಹಾಕಿ ಕಳಿಸು. ಸಗ್ಡನ್ ಜೊತೆ ಸಮ ಹಂಚಿಕೊಂಡರೂ ನಿನ್ನ ಹೆಸರು ಫಲಕದಲ್ಲೇ ಇರುತ್ತದೆ. ನನ್ನದು ಮೊದಲ ಸಲ ಬರುತ್ತದೆ.

ಇನ್ನೂ ಎರಡು ಕಾಲಲ್ಲೂ ಗಟ್ಟಿಯಾಗಿರುವ,
ನಾರ್ಮನ್ ಗ್ರೀನ್‌ಹಾಲ್


ಸೀ ವ್ಯೂ ಬೋರ್ಡಿಂಗ್ ಹೌಸ್, ಮೊರ್ಕಮ್
ಫೆಬ್ರವರಿ 20, 1996

ನಾರ್ಮನ್,

ನಿನ್ನ ಪತ್ರವನ್ನು ಒಡೆದವಳು ನಾನು. ಅಕ್ಷರದ ಗುರುತು ಚೆನ್ನಾಗಿಯೇ ಹತ್ತಿತು. ಲಕೋಟೆಯ ಮೇಲೆ ಕೂಡ ಜಗಳ ಆಡುವವನ ಹಾಗೆ ಬರೆಯುವವನು ನೀನೊಬ್ಬನೇ.

ಕ್ಲಿಫ್ ಉತ್ತರ ಬರೆಯುವುದಿಲ್ಲ. ನೀನು ಕೇಳಿದ ಸಾಲನ್ನೂ ಬರೆಯುವುದಿಲ್ಲ. ಹಿಲ್ಡಾ ಹೇಗಿದ್ದಾಳೆ? ನಿನ್ನನ್ನು ಇಷ್ಟು ವರ್ಷ ತಾಳಿಕೊಂಡಿದ್ದಕ್ಕೆ ಅವಳ ಹೆಸರನ್ನು ಮೊದಲು ಫಲಕದಲ್ಲಿ ಬರೆಸು.

ಗಾಳಿಯೋ ಗಾಳಿ. ಹೊರಗೆ ಒಣಗಲು ಹಾಕಿದ ಹಾಸಿಗೆ ಬಟ್ಟೆ ಎಲ್ಲಿಗೆ ಹೋಗುತ್ತದೋ ನೋಡಬೇಕು.

ಡೋರೀನ್


ಮಿಲ್ ಟೆರೇಸ್
ಮಾರ್ಚ್ 17, 1996

ಡೋರೀನ್,

ಅವನು ಬರೆಯುವುದಿಲ್ಲ ಎಂದರೆ ಬರೆಯಲು ಅವನ ಹತ್ತಿರ ಏನೂ ಇಲ್ಲ ಎಂದು ಅರ್ಥ. ನಾನು ಹಾಗೇ ತಿಳಿದುಕೊಂಡೆ, ಸಮಿತಿಗೂ ಹಾಗೇ ಹೇಳಿದೆ.

ಹೌದು, ಸಮಿತಿಯ ಮುಂದೆ ಹೋದೆ. ಕೋಟು ಇಸ್ತ್ರಿ ಮಾಡಿಸಿಕೊಂಡು, ಮುಖ ಕ್ಷೌರ ಮಾಡಿಕೊಂಡು, ಆ ದಿನ ಆಡಿದವರಲ್ಲಿ ಇನ್ನೂ ಬದುಕಿರುವ ಇಬ್ಬರನ್ನು ಹಿಂದಿಟ್ಟುಕೊಂಡು ಹೋದೆ. ನಮ್ಮ ಗೋಲ್‌ಕೀಪರ್ ಆಲ್ಬರ್ಟ್ ಎದ್ದು ನಿಂತು, "ನಾನು ಕಣ್ಣಾರೆ ನೋಡಿದೀನಿ, ಯಾರಿಗೂ ತಾಗಲಿಲ್ಲ" ಎಂದು ಗಂಟೆ ಹೊಡೆದ ಹಾಗೆ ಹೇಳಿದ. ಮನೆಗೆ ಬಂದು ಹೇಳಿದರೆ ಹಿಲ್ಡಾ ಒಲೆಯ ಮುಂದೆ ನಿಂತು ನಕ್ಕಿದ್ದೇ ನಕ್ಕಿದ್ದು. "ಆಲ್ಬರ್ಟ್‌ಗೆ ಆಗಲೇ ತನ್ನ ಹೆಂಡತಿ ಯಾವ ಕಡೆ ಕೂತಿದ್ದಾಳೆ ಅಂತ ಕಾಣ್ತಿರಲಿಲ್ಲ. ಆ ತುದೀಲಿ ನಿಂತು ಈ ತುದೀದು ನೋಡಿದ್ನಾ?" ಅಂದಳು.

ನಗಲಿ ಬಿಡು. ಸಮಿತಿ ಒಪ್ಪಿದೆ. ಸಗ್ಡನ್ ಮತ್ತು ಟ್ಯಾಟರ್ಸಾಲ್, ಇಬ್ಬರಿಗೂ ನೂರ ನಲವತ್ತೊಂಬತ್ತು. ಅದರ ಕೆಳಗೆ ಹೊಸ ಸಾಲು: ಕಾರ್ನರ್‌ನಿಂದ ನೇರ ಗೋಲು, ಚಾಂಪಿಯನ್‌ಷಿಪ್ ತಂದದ್ದು, ನಾರ್ಮನ್ ಗ್ರೀನ್‌ಹಾಲ್. ಮೇ ತಿಂಗಳಲ್ಲಿ ಬರೆಯುವವನು ಬರುತ್ತಾನೆ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಒಂದು ಅಕ್ಷರವೂ ವಾಲಬಾರದು.

ಬೇರೆಯವರಿಂದ ತಿಳಿಯುವುದು ಬೇಡ ಎಂದು ಬರೆದೆ. ಕ್ಲಿಫ್‌ಗೆ ಹೇಳು, ಈಗಲಾದರೂ ಒಂದು ಮಾತು ಬರೆಯಲಿ. ಬೈದಾದರೂ ಬರೆಯಲಿ.

ಗೆದ್ದವನು,
ನಾರ್ಮನ್


ಸೀ ವ್ಯೂ, ಮೊರ್ಕಮ್
ಮಾರ್ಚ್ 29, 1996

ನಾರ್ಮನ್,

ಬೇಡಿಕೊಳ್ಳುವ ಜಾಯಮಾನ ನನ್ನದಲ್ಲ. ಆದ್ದರಿಂದ ಇದನ್ನು ಬೇಡಿಕೆ ಎಂದು ಓದಬೇಡ, ಸುದ್ದಿ ಎಂದು ಓದು. ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ನಿನ್ನ ಜಂಬ ನೋಡಿ ಸಿಟ್ಟು ಬಂದು ಬರೆಯಲಿಲ್ಲ.

ಕ್ಲಿಫ್‌ಗೆ ನೆನಪು ಹೋಗುತ್ತಿದೆ. ನಾಲ್ಕು ವರ್ಷವಾಯಿತು. ಬೆಳಗ್ಗೆ ಮೀನು ತಿಂದು ತಟ್ಟೆ ಇಟ್ಟವನು ಹತ್ತು ನಿಮಿಷಕ್ಕೆ ಬಂದು ತಿಂಡಿ ಏನು ಎಂದು ಕೇಳುತ್ತಾನೆ. ಕೆಲವು ದಿನ ನಾನು ಅವನ ಹೆಂಡತಿ, ಕೆಲವು ದಿನ ಈ ಬೋರ್ಡಿಂಗ್ ಹೌಸಿನ ಯಜಮಾನಿ. ಯಜಮಾನಿಯ ಹತ್ತಿರ ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ, ಹೆಂಡತಿಯ ಹತ್ತಿರ ಎಂದೂ ಹಾಗೆ ಮಾತಾಡಿದವನಲ್ಲ.

ಆದರೆ ಗೋಲುಗಳು ಹೋಗಿಲ್ಲ. ಒಂದೂ ಹೋಗಿಲ್ಲ. ತಿಂಡಿಗೆ ಕೂತ ಅತಿಥಿಗಳಿಗೆ ದಿನವೂ ಹೇಳುತ್ತಾನೆ, ಯಾವ ಊರು, ಯಾವ ತುದಿ, ಕೆಸರು ಎಷ್ಟು. ಸಗ್ಡನ್‌ನ ಹೆಸರು ಅವನ ಬಾಯಲ್ಲಿ ಬಂದದ್ದಿಲ್ಲ. ಹೆಚ್ಚಾಗಿ ಬರುವ ಹೆಸರು ಒಂದೇ. ಒಂದೊಂದು ಗೋಲಿನ ಕೊನೆಗೂ "ನಾರ್ಮ್ ಕೊಟ್ಟಿದ್ದು" ಅನ್ನುತ್ತಾನೆ. ಎಲ್ಲದಕ್ಕೂ ಅಲ್ಲ, ಬೇರೆಯವರು ಚೆಂಡು ಕೊಟ್ಟಿದ್ದರೆ ಅವರ ಹೆಸರನ್ನೇ ಹೇಳುತ್ತಾನೆ. ಆದರೆ ಸುತ್ತಿ ಸುತ್ತಿ ನಿನ್ನ ಹೆಸರಿಗೇ ಬರುತ್ತಾನೆ. ಕಳೆದ ವಾರ ಬೋಲ್ಟನ್‌ನಿಂದ ಬಂದಿದ್ದ ಹೆಂಗಸೊಬ್ಬಳು, "ನಾರ್ಮ್ ಅಂದ್ರೆ ನಿಮ್ಮ ತಮ್ಮನಾ?" ಎಂದು ಕೇಳಿದಳು. "ತಮ್ಮನೇ" ಅಂದ.

ಇನ್ನೊಂದು ಉಳಿದಿರುವುದು ಆ ನೂರೈವತ್ತು. ಡಾಕ್ಟರು ವಯಸ್ಸು ಕೇಳಿದರೆ ನೂರೈವತ್ತು. ಮನೆ ನಂಬರು ಕೇಳಿದರೆ ನೂರೈವತ್ತು. ಪೇಟೆಯಲ್ಲಿ ದಾರಿ ತಪ್ಪಿದಾಗ ಪೊಲೀಸಿನವನು ಹೆಸರು ಕೇಳಿದರೆ, "ಟ್ಯಾಟರ್ಸಾಲ್, ನೂರೈವತ್ತು" ಎಂದನಂತೆ. ಆ ಪೊಲೀಸಿನವನ ಅಪ್ಪ ಕಾಲ್ಡರ್‌ವಿಕ್‌ನವನು. ಹಾಗಾಗಿ ಮನೆ ಸೇರಿದ.

ಆಗಸ್ಟಿನಲ್ಲಿ ಹೊಸ ಮೈದಾನ ತೆರೆಯುವ ದಿನ ಬರಬೇಕೆಂದು ಬೆರಿಲ್ ಹಿಂಡಲ್ ನಮಗೂ ಬರೆದಿದ್ದಾಳೆ. ಅವನನ್ನು ಕರೆತರುತ್ತೇನೆ. ಅವನು ಆ ಫಲಕದ ಮುಂದೆ ನಿಂತು ಓದುತ್ತಾನೆ. ದೊಡ್ಡ ಅಕ್ಷರ ಇನ್ನೂ ಓದುತ್ತಾನೆ.

ಕಾರಣ ಏನೆಂದು ಡಾಕ್ಟರು ಹೇಳುವುದಿಲ್ಲ. ನನಗೆ ನನ್ನದೇ ಲೆಕ್ಕವಿದೆ. ಆ ತೊಗಲಿನ ಚೆಂಡು ಮಳೆ ಕುಡಿದರೆ ಎಷ್ಟು ಭಾರವಾಗುತ್ತಿತ್ತು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಶನಿವಾರ ರಾತ್ರಿಗಳಲ್ಲಿ ಅವನ ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದವಳು ನಾನು.

ಇಷ್ಟೇ ಸುದ್ದಿ.

ಡೋರೀನ್


ಮಿಲ್ ಟೆರೇಸ್
ಏಪ್ರಿಲ್ 21, 1996

ಡೋರೀನ್,

ಮೂರು ಸಲ ಬರೆದರೂ ಕಳಿಸಲಿಲ್ಲ. ಮೊದಲನೆಯದು ಸಿಟ್ಟಿನದು. ಸುಮಾರು ನಲವತ್ತು ವರ್ಷ ಕಾದು, ಕೈಗೆ ಬಂದ ಹೊತ್ತಿಗೆ ನೀನು ಹೀಗೆ ಬರೆದೆಯಲ್ಲ ಎಂದು ನಿನ್ನ ಮೇಲೆ ಸಿಟ್ಟು. ಹಿಲ್ಡಾ ಅದನ್ನು ಓದಿ ಒಲೆಗೆ ಹಾಕಿದಳು. ಉಳಿದ ಎರಡನ್ನು ನಾನೇ ಹಾಕಿದೆ.

ನಿನ್ನ ಪತ್ರದ ಕೊನೆಯಲ್ಲಿ ನೀನು ಬರೆದೂ ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಆ ಚೆಂಡುಗಳನ್ನು ಅವನ ತಲೆಗೆ ಕಳಿಸಿದವನು ನಾನು. ಶನಿವಾರ ಮಾತ್ರ ಅಲ್ಲ. ಮಂಗಳವಾರ, ಗುರುವಾರ, ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೂ ನಾನು ಅಂಚಿನಿಂದ ಹೊಡೆಯುತ್ತಿದ್ದೆ, ಅವನು ತಲೆ ಕೊಡುತ್ತಿದ್ದ. ನಮ್ಮಂಥ ಜೋಡಿ ಆ ವಿಭಾಗದಲ್ಲೇ ಇಲ್ಲ ಎಂದು ಎದೆ ಉಬ್ಬಿಸಿಕೊಂಡು ಓಡಾಡಿದೆ. ಕೊಟ್ಟವನ ಹೆಸರು ಯಾರೂ ಬರೆಯಲಿಲ್ಲ ಎಂದು ಇಷ್ಟು ವರ್ಷ ಹಲ್ಲು ಕಡಿದೆ. ಈಗ ಬರೆಯುವುದಾದರೆ ಏನು ಬರೆಯಬೇಕು?

ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆ ಚೆಂಡಿಗೆ ಒಂದು ಕಡೆ ಲೇಸು ಕಟ್ಟಿರುತ್ತಿತ್ತು, ಹಣೆಗೆ ಬಿದ್ದರೆ ಚರ್ಮ ಸೀಳುತ್ತಿತ್ತು. ಕಾರ್ನರ್‌ನಲ್ಲಿ ಚೆಂಡಿಡುವಾಗಲೆಲ್ಲ ಲೇಸು ಆಚೆ ಕಡೆಗಿರುವಂತೆ ನೋಡಿ ಇಟ್ಟೆ. ಓಡುತ್ತಾ ಹೊಡೆಯುವಾಗ ಅದು ಆಗುವ ಮಾತಲ್ಲ ಎಂದು ಜನ ನಗುತ್ತಿದ್ದರು. ನಗಲಿ. ನಾನು ಪ್ರಯತ್ನ ಬಿಟ್ಟವನಲ್ಲ. ಉಳಿದದ್ದು ನನಗೆ ಗೊತ್ತಿರಲಿಲ್ಲ, ಡೋರೀನ್. ಯಾರಿಗೂ ಗೊತ್ತಿರಲಿಲ್ಲ.

ಫಲಕದ ವಿಷಯ ಇನ್ನೂ ತೀರ್ಮಾನಿಸಿಲ್ಲ. ಸುಳ್ಳು ಹೇಳುವುದಿಲ್ಲ, ಆ ಒಂದು ಸಾಲು ನನಗೆ ಈಗಲೂ ಬೇಕು.

ನಾರ್ಮನ್


ಸೀ ವ್ಯೂ, ಮೊರ್ಕಮ್
ಏಪ್ರಿಲ್ 25, 1996

ನಾರ್ಮನ್,

ಅಳಬೇಡ, ನಿನಗೆ ಅದು ಒಪ್ಪುವುದಿಲ್ಲ. ಕೇಳಿದವನು ಅವನು. "ಇನ್ನೂ ಎತ್ತರಕ್ಕೆ ಕೊಡು, ನಾರ್ಮ್, ಇನ್ನೂ ಜೋರಾಗಿ" ಎಂದು ಮೈದಾನದ ಆಚೆಯ ಬೀದಿಗೂ ಕೇಳುವಂತೆ ಕೂಗುತ್ತಿದ್ದದ್ದು ನನಗೆ ಮರೆತಿಲ್ಲ. ನೀನು ಕೊಡದಿದ್ದರೆ ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಿದ್ದ.

ನಿನ್ನ ಪತ್ರ ಓದಿದ ಮೇಲೆ ಇವತ್ತು ಅವನಿಗೆ ಕ್ಷೌರ ಮಾಡುವಾಗ ಹಣೆಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಲೇಸಿನ ಗಾಯ ಒಂದೇ ಒಂದು, ಬಲ ಹುಬ್ಬಿನ ಮೇಲೆ. "ಇದು ಯಾರು ಕೊಟ್ಟಿದ್ದು?" ಎಂದು ಕೇಳಿದೆ. "ಅದು ಬಲಗಡೆಯವನು ಕೊಟ್ಟಿದ್ದು. ನಾರ್ಮ್ ಆಗಿದ್ರೆ ಹಿಂಗೆ ಕೊಡ್ತಿರ್ಲಿಲ್ಲ" ಅಂದ.

ತೀರ್ಮಾನ ನಿನ್ನದು. ನೀನು ಏನೇ ಮಾಡಿದರೂ ಆಗಸ್ಟಿನಲ್ಲಿ ಬರುತ್ತೇವೆ, ಹಿಲ್ಡಾ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸುವ ಹಾಟ್‌ಪಾಟ್ ತಿಂದು ನಲವತ್ತು ವರ್ಷವಾಯಿತು.

ಡೋರೀನ್


ಮಿಲ್ ಟೆರೇಸ್
ಮೇ 12, 1996

ಕಾರ್ಯದರ್ಶಿ ಮಿಸ್ ಹಿಂಡಲ್ ಅವರಿಗೆ,

ಸ್ಟೇನ್‌ಬರೊ ಆಟದ ಗೋಲಿನ ಬಗ್ಗೆ ನಾನು ಸಮಿತಿಗೆ ಕೊಟ್ಟ ಮನವಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಫಲಕದಲ್ಲಿ ಕ್ಲಿಫರ್ಡ್ ಟ್ಯಾಟರ್ಸಾಲ್, ನೂರೈವತ್ತು ಎಂದೇ ಇರಲಿ. ಕಾರಣ ಕೇಳಬೇಡಿ. ಆಲ್ಬರ್ಟ್ ಕೇಳಿದರೆ ಅವನ ಕಣ್ಣು ಪರೀಕ್ಷೆ ಮಾಡಿಸಿದೆವು ಎಂದು ಹೇಳಿ.

ನಾರ್ಮನ್ ಗ್ರೀನ್‌ಹಾಲ್


ಕಾಲ್ಡರ್‌ವಿಕ್ ಅಥ್ಲೆಟಿಕ್ ಫುಟ್‌ಬಾಲ್ ಕ್ಲಬ್
ಮೇ 16, 1996

ಪ್ರಿಯ ಮಿಸ್ಟರ್ ಗ್ರೀನ್‌ಹಾಲ್,

ನಿಮ್ಮ ಪತ್ರ ಬಂದಾಗ ಬರೆಯುವವನು ಏಣಿಯ ಮೇಲಿದ್ದ, ನಿಮ್ಮ ಹೊಸ ಸಾಲಿನಿಂದಲೇ ಶುರು ಮಾಡಿ ಮೊದಲ ಅಕ್ಷರ ಮುಗಿಸಿದ್ದ. ಅದನ್ನು ಕೆರೆದು ಅಳಿಸಿದ್ದಾನೆ. ಆ ಜಾಗದಲ್ಲಿ ಮರ ಸ್ವಲ್ಪ ಬೆಳ್ಳಗಾಗಿದೆ. ವಾರ್ನಿಷ್ ಹಚ್ಚಿದರೂ ಗೊತ್ತಾಗುತ್ತದಂತೆ. ಸಮಿತಿಯವರಿಗೆ ನಿಮ್ಮ ಮೇಲೆ ಬೇಸರವಿದೆ. ನನಗಿಲ್ಲ. ಕಾರಣವನ್ನೂ ಕೇಳುತ್ತಿಲ್ಲ.

ಆಗಸ್ಟ್ 17ರಂದು ನಿಮಗೂ ಶ್ರೀಮತಿಯವರಿಗೂ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕಾದಿರಿಸಿದ್ದೇನೆ.

ಬೆರಿಲ್ ಹಿಂಡಲ್


ಮಿಲ್ ಟೆರೇಸ್
ಆಗಸ್ಟ್ 18, 1996

ಡೋರೀನ್,

ನಿನ್ನೆ ಬಸ್ಸು ಹತ್ತಿದ ಮೇಲೆ ನೀನು ಕಿಟಕಿಯಿಂದ, "ಅಷ್ಟು ಹೊತ್ತು ಇಬ್ಬರೂ ಅಲ್ಲಿ ನಿಂತು ಏನು ಮಾತಾಡಿದ್ರಿ?" ಎಂದು ಕೇಳಿದೆ. ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಅದಕ್ಕೇ ಬರೆಯುತ್ತಿದ್ದೇನೆ.

ನೀನೂ ಹಿಲ್ಡಾಳೂ ಟೀ ತರಲು ಹೋದಿರಲ್ಲ, ಆಗ ಅವನು ನನ್ನ ತೋಳು ಹಿಡಿದುಕೊಂಡಿದ್ದ. ನನ್ನ ಗುರುತು ಇರಲಿಲ್ಲ. ಬಸ್ಸಿನವನು ಎಂದುಕೊಂಡಿದ್ದನೋ ಏನೋ; ನಾನು ಇಪ್ಪತ್ತು ವರ್ಷ ಬಸ್ಸು ಓಡಿಸಿದವನೇ, ಹಾಗಾಗಿ ಬೇಸರವಾಗಲಿಲ್ಲ. ಸರಿ, ಸುಳ್ಳು ಯಾಕೆ, ಆಯಿತು. ಹೊಸ ಮೆಟ್ಟಿಲಿನ ಬಳಿ ಫಲಕದ ಮುಂದೆ ನಿಂತೆವು. ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ. ತನ್ನ ಹೆಸರು ಬಂದಾಗ ನಿಂತು, "ನೂರೈವತ್ತು, ಸರಿಯಾಗಿದೆ" ಅಂದ, ಅಂಗಡಿಯವನು ಕೊಟ್ಟ ಚಿಲ್ಲರೆ ನೋಡಿಕೊಂಡವನ ಹಾಗೆ. ಆಮೇಲೆ ಕೆಳಗಿನ ಬೆಳ್ಳಗಿನ ಜಾಗವನ್ನು ಬಹಳ ಹೊತ್ತು ನೋಡಿದ. ಬೆರಿಲ್ ಅಲ್ಲೇ ಹಾದುಹೋಗುತ್ತಿದ್ದಳು. ಅವಳನ್ನು ಕರೆದ.

"ಇಲ್ಲಿ ಚೆಂಡು ಕೊಟ್ಟವರ ಹೆಸರು ಎಲ್ಲಿದೆಯಮ್ಮ?"

"ಅದನ್ನ ಯಾರೂ ಎಣಿಸಿಲ್ಲ, ಮಿಸ್ಟರ್ ಟ್ಯಾಟರ್ಸಾಲ್. ಆಗ ಎಣಿಸೋ ರೂಢಿ ಇರಲಿಲ್ಲ."

"ನಾನು ಎಣಿಸಿದೀನಿ," ಅಂದ. ಅಂದು ಶುರು ಮಾಡಿದ. ಮೊದಲನೆಯದರಿಂದ. ಬೆರಿಲ್ ಅಧ್ಯಕ್ಷರನ್ನು ಬಾಗಿಲಲ್ಲಿ ಕಾಯಿಸಿ ಅಲ್ಲೇ ನಿಂತುಬಿಟ್ಟಳು. ನಾಲ್ಕಾರು ಜನ ಸೇರಿದರು, ಮಾಂಸದ ಪೈ ತಿನ್ನುತ್ತಿದ್ದವರು ಬಾಯಾಡಿಸುವುದನ್ನು ನಿಲ್ಲಿಸಿದರು. ನಾರ್ಮ್ ಕೊಟ್ಟಿದ್ದು. ನಾರ್ಮ್ ಕೊಟ್ಟಿದ್ದು. ಅಲ್ಲಿ ನಿಂತಿದ್ದವರಲ್ಲಿ ಅರ್ಧ ಜನಕ್ಕೆ ನಾನು ಯಾರು ಎಂದು ಗೊತ್ತು, ಅವರೆಲ್ಲ ನನ್ನ ಕಡೆ ನೋಡಿದರು. ಡೋರೀನ್, ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಗೌರವ ನನಗೆ ಸಿಕ್ಕಿಲ್ಲ. ಫಲಕದಲ್ಲಿ ಇನ್ನು ಏನಿದ್ದರೂ ಇಲ್ಲದಿದ್ದರೂ ನನಗೆ ಸಾಕು.

ಜನ ಕುರ್ಚಿ ಹುಡುಕಿಕೊಂಡು ಹೋದರು. ನಾವಿಬ್ಬರೇ ಉಳಿದೆವು. ಕೇಳಬಾರದು ಎಂದು ಮನೆಯಲ್ಲೇ ನಿರ್ಧರಿಸಿಕೊಂಡು ಬಂದಿದ್ದೆ. ಹಿಲ್ಡಾಳಿಗೂ ಮಾತು ಕೊಟ್ಟಿದ್ದೆ. ನಾನು ಎಂಥವನು ಎಂಬುದು ನಿನಗೆ ಗೊತ್ತಿದೆ. ಕೇಳಿಯೇಬಿಟ್ಟೆ.

"ಆ ಕೊನೇದು, ಸ್ಟೇನ್‌ಬರೊ ಮೇಲಿಂದು. ಕಾರ್ನರ್. ಅದು ನಿಮ್ಮ ತಲೆಗೆ ತಾಗಿತ್ತೇನಪ್ಪಾ?"

ಅವನು ನನ್ನ ಮುಖ ನೋಡಿದ. ಆಮೇಲೆ ಆಚೆ ನೋಡಿದ, ಈಚೆ ನೋಡಿದ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ನನ್ನ ತೋಳನ್ನು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದ. ಹೇಳಿ, ಶಾಲೆಗೆ ಚಕ್ಕರ್ ಹೊಡೆದ ಹುಡುಗನ ಹಾಗೆ ಮುಸಿಮುಸಿ ನಕ್ಕ.

ಏನು ಹೇಳಿದ ಎಂದು ನಿನಗೂ ಬರೆಯುವುದಿಲ್ಲ. ಫಲಕದಲ್ಲಿ ಇರುವುದು ಇದ್ದ ಹಾಗೇ ಇರುತ್ತದೆ. ಯಾಕೆಂದರೆ ಹೇಳಿ ಮುಗಿಸಿದ ಮೇಲೆ ಅವನು ನನ್ನ ಕೈ ಹಿಡಿದುಕೊಂಡು, "ಯಾರಿಗೆ ಬೇಕಾದ್ರೂ ಹೇಳು, ನಾರ್ಮ್‌ಗೆ ಮಾತ್ರ ಹೇಳ್ಬೇಡ. ಅವನಿಗೆ ಗೊತ್ತಾದ್ರೆ ನನ್ನ ತಲೆ ಮೇಲೆ ಕೂತ್ಕೊಳ್ತಾನೆ" ಅಂದ.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅವನ ತಮ್ಮ,
ನಾರ್ಮ್